ಉತಾರಕ್ಕೆ ಎಷ್ಟು ವರ್ಷನ್?

ಸಾಫ್ಟ್‌ವೇರ್ ಕೆಲಸದವರಿಗೆಲ್ಲ ಗೊತ್ತಿರೋ ತಲೆನೋವು ಇದು. ಮೂರು ತಂಡ, ಮೂರು ಕಡೆ ಇಟ್ಟ ಕೋಡು. ಒಬ್ಬರು ತಮ್ಮದನ್ನ ಹೊಸ ವರ್ಷನ್ನಿಗೆ ಏರಿಸಿದ್ರೆ ಉಳಿದಿಬ್ಬರದು ನಿಂತೇ ಹೋಗುತ್ತೆ. ಇದು ಕಂಪ್ಯೂಟರ್ ಬಂದ ಮೇಲಿನ ರೋಗ ಅನ್ನೋರು ನಮ್ಮ ಹಾವೇರಿ ಜಿಲ್ಲೆಯ ಹೊಲಗಳ ಕಾಗದ ನೋಡಬೇಕು. ಸರ್ಕಾರ ಪಹಣಿ ಅನ್ನುತ್ತೆ, ನಮ್ಮ ಕಡೆ ಈಗಲೂ ಅದು ಉತಾರ; ಮುಂಬೈ ಆಡಳಿತದ ಕಾಲದ ಮಾತು.

ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿ ಹಾನಗಲ್ಲು ಹಾನಗಲ್ಲೇ ಆಗಿತ್ತು. ಆದರೆ ಶಿಗ್ಗಾಂವಿ ಬಂಕಾಪುರ ತಾಲೂಕಿನ ಕಚೇರಿ ಇದ್ದ ಊರು, ಹಿರೇಕೆರೂರು ಕೋಡ ತಾಲೂಕಿನದು. ಸವಣೂರು ನವಾಬರ ಸಂಸ್ಥಾನ. 1948ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿತು. 1956ರಲ್ಲಿ ಎಲ್ಲ ಮೈಸೂರು ರಾಜ್ಯಕ್ಕೆ ಬಂದವು. ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು ಸೀಮೆಗಳು ತಮ್ಮ ತಮ್ಮ ಕಂದಾಯ ಪದ್ಧತಿ ಹೊತ್ತುಕೊಂಡೇ ಬಂದಿದ್ದವು. ಎಲ್ಲಕ್ಕೂ ಒಂದೇ ಭೂಕಂದಾಯ ಕಾಯ್ದೆ ಆಗೋಕೆ 1964 ಬರಬೇಕಾಯ್ತು. 8 ವರ್ಷ. ಕಡಿಮೆಯೇ ಅನ್ನಿ.

2000ದ ಆಸುಪಾಸಿನಲ್ಲಿ ಎನ್‌ಐಸಿಯವರು ಬರೆದ ‘ಭೂಮಿ’ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ ಅದಕ್ಕೆ ಏರಿದವು. 15 ರೂಪಾಯಿ ಕೊಟ್ಟರೆ ಉತಾರ ಕೈಗೆ. ತಲಾಟಿಯ ಕೈಬರಹಕ್ಕೆ ಬೆಲೆ ಹೋಯ್ತು. ಆಗ ಪ್ರತಿ ತಾಲೂಕಿಗೂ ಅದರದೇ ಸರ್ವರ್. ಹೊಸ ವರ್ಷನ್ ಹಾನಗಲ್ಲಿಗೆ ಮುಟ್ಟಿ ಹಿರೇಕೆರೂರಿಗೆ ಮುಟ್ಟದಿದ್ರೆ ಒಂದೇ ಕಾನೂನಿಗೆ ಎರಡು ನಡವಳಿಕೆ! ಮುಂದೆ ಎಲ್ಲ ಒಂದೇ ದತ್ತಾಂಶ ಕೇಂದ್ರಕ್ಕೆ ಹೋಗಿ ಆ ಕಾಟ ತಪ್ಪಿತು.

ತಪ್ಪದೇ ಉಳಿದದ್ದು ಮೂರು ಇಲಾಖೆಗಳ ಜಗ್ಗಾಟ. ಹಕ್ಕಿನ ದಾಖಲೆ ‘ಭೂಮಿ’ಯಲ್ಲಿ, ಅಳತೆ ಸರ್ವೆಯವರ ‘ಮೋಜಿಣಿ’ಯಲ್ಲಿ, ಖರೀದಿ ಪತ್ರ ಸಬ್‌ರಿಜಿಸ್ಟ್ರಾರ್ ಕಚೇರಿಯ ‘ಕಾವೇರಿ’ಯಲ್ಲಿ. ಮೂರಕ್ಕೂ ಕೊಂಡಿ ಒಂದೇ: ಸರ್ವೆ ನಂಬರು ಮತ್ತು ಹಿಸ್ಸಾ. ಅಣ್ಣತಮ್ಮಂದಿರು ನಾಲ್ಕು ಎಕರೆ ಪಾಲು ಮಾಡಿಕೊಂಡು ಉತಾರದಲ್ಲಿ ಹೆಸರು ಏರಿಸಿರ್ತಾರೆ, ಪೋಡಿ ಮಾತ್ರ ಆಗಿರಲ್ಲ. ಸರ್ವೆಯವರ ಆಕಾರಬಂದಿನಲ್ಲಿ ಹೊಲ ಇನ್ನೂ ಒಂದೇ ತುಂಡು. ಅದರಲ್ಲಿ ಒಂದೆಕರೆ ಮಾರಬೇಕಂದ್ರೆ 11ಇ ನಕ್ಷೆ ಬೇಕು. ಅಷ್ಟರಲ್ಲಿ ಎರಡೂ ಕಡೆಯ ಗುಂಟೆ ಲೆಕ್ಕ ತಾಳೆಯಾಗಲ್ಲ, ಕಡತ ಕೂತುಬಿಡುತ್ತೆ. ಮಗಳ ಮದುವೆ ಕೂರಲ್ಲ, ಆಸ್ಪತ್ರೆ ಬಿಲ್ಲೂ ಕೂರಲ್ಲ.

ನಾನು ಬರೆದ ಕೋಡು ಹೊಂದದಿದ್ರೆ ಹಿಂದಿನ ವರ್ಷನ್ನಿಗೆ ಮರಳ್ತೀನಿ, ಐದು ನಿಮಿಷದ ಕೆಲಸ. ಹೊಲಕ್ಕೆ ಹಿಂದಿನ ವರ್ಷನ್ ಯಾವುದು? ಅಜ್ಜ ಬದುಕಿದ್ದಾಗಿನದ್ದಾ? ಅಲ್ಲಿಗೆ ಹೋದ್ರೆ ತಮ್ಮನ ಪಾಲೇ ಇರಲ್ಲ. ಇಲ್ಲಿ ಹಿಂದಕ್ಕೆ ಹೋಗೋ ದಾರಿ ಇಲ್ಲ; ಸರ್ವೆಯವರು ಬಂದು ಸರಪಳಿ ಹಿಡಿದು ಅಳೆದೇ ಸರಿಮಾಡಬೇಕು.

ಈ ನಡುವೆ ಹಿರೇಕೆರೂರಿನಿಂದ ರಟ್ಟಿಹಳ್ಳಿ ಒಡೆದು ಬೇರೆ ತಾಲೂಕಾಯ್ತು. 2023ರಲ್ಲಿ ಕಾವೇರಿ 2.0 ಬಂತು. ಮನೆಯ ಟ್ರಂಕು ತೆಗೆದ್ರೆ ಮಾತ್ರ ಹಳೇ ಖರೀದಿ ಪತ್ರದಲ್ಲಿ ಈಗಲೂ ‘ತಾಲೂಕು ಕೋಡ, ಜಿಲ್ಲೆ ಧಾರವಾಡ’.