ಮಕ್ಕಳ ಮದ್ದಿನ ಪ್ರಮಾಣ

ಕರ್ನಾಟಕದ ಎರೆಹೊಲಗಳ ನಡುವಿನ ತಳಕಲ್ಲಿನಂಥ ಊರುಗಳಲ್ಲಿ ಅಕ್ಕನ ಮಗಳನ್ನು ತಮ್ಮನು ವರಿಸುವುದೂ, ಹೆಣ್ಣು ಸೋದರತ್ತೆಯ ಮನೆಗೆ ಸೊಸೆಯಾಗಿ ಹೋಗುವುದೂ ತಲೆಮಾರುಗಳಿಂದ ನಡೆದುಬಂದ ರೂಢಿ. ಹೊಲ ಹೊರಗಿನವರ ಪಾಲಾಗಬಾರದೆಂಬ ಲೋಕವಿವೇಕವೂ ಅದಕ್ಕೊಂದು ಕಾರಣವಾಗಿದ್ದಿರಬೇಕು. ಎನ್. ಅಪ್ಪಾಜಿರಾಯರೂ ಅವರ ಸಂಗಡಿಗರೂ ಕರ್ನಾಟಕದ 65,000ಕ್ಕೂ ಮಿಕ್ಕ ನವಜಾತ ಶಿಶುಗಳನ್ನು ಪರೀಕ್ಷಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚುಕಡಮೆ ಮೂರರಲ್ಲೊಂದು ದಾಂಪತ್ಯವು ಇಂಥ ರಕ್ತಸಂಬಂಧದ್ದಾಗಿದ್ದುದು ಕಂಡುಬಂದಿತು.

ಇಂಥ ದಾಂಪತ್ಯಗಳಲ್ಲಿ ಗಂಡಹೆಂಡಿರಿಬ್ಬರಲ್ಲಿಯೂ ಒಂದೇ ವಂಶದೋಷ ಅಡಗಿರುವ ಸಂಭವ ಹೆಚ್ಚು. ತಂದೆತಾಯಿಗಳಿಬ್ಬರಲ್ಲಿಯೂ ಗುಪ್ತವಾಗಿದ್ದ ಅಂಥ ದೋಷವು ಮಗುವಿನಲ್ಲಿ ಒಂದುಗೂಡಿದಾಗ ತಲೆದೋರುವ ವ್ಯಾಧಿಗಳಲ್ಲಿ ಥಲಸೇಮಿಯಾ ಎಂಬ ರಕ್ತವ್ಯಾಧಿಯೂ ಒಂದು. ಪರರ ರಕ್ತದಿಂದ ಜೀವ ಹಿಡಿದಿರುವ ಆ ಮಕ್ಕಳಿಗೆ 1981ರಲ್ಲಿ ಸಿಯಾಟಲಿನ ಥಾಮಸ್, ಇಟಲಿಯ ಲುಕರೆಲ್ಲಿ ಎಂಬ ವೈದ್ಯರು ಬೇರೆಬೇರೆಯಾಗಿ ಅಸ್ಥಿಮಜ್ಜೆಯ ಕಸಿಯನ್ನು ಮಾಡಿದರು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಕಸಿಯ ಕಾರ್ಯ ಮೊದಲಾದದ್ದು 1986ರಲ್ಲಿ.

ಹೊಸ ಮಜ್ಜೆ ನಾಟಬೇಕಾದರೆ ಹಳೆಯದನ್ನು ನಿರ್ಮೂಲಗೊಳಿಸಬೇಕು. ಅದಕ್ಕೆಂದು ಕೊಡುವ ಬುಸಲ್ಫಾನ್, 1950ರ ದಶಕದಲ್ಲಿ ರಕ್ತದ ಕ್ಯಾನ್ಸರಿಗಾಗಿ ಬಳಕೆಗೆ ಬಂದ ಉಗ್ರೌಷಧ: ಸಾಲದಾದರೆ ಕಸಿ ನಿಷ್ಫಲ, ಮಿತಿಮೀರಿದರೆ ಯಕೃತ್ತಿನ ಸೂಕ್ಷ್ಮ ಸಿರೆಗಳು ಕಟ್ಟಿಕೊಂಡು ಪ್ರಾಣಕ್ಕೇ ಸಂಚಕಾರ. ವೈದ್ಯರು ಬಹುಕಾಲ ಮಗುವಿನ ತೂಕವನ್ನೇ ನಂಬಿ ಪ್ರಮಾಣವನ್ನು ಕಟ್ಟಿದರು. ಆದರೆ ಸಮತೂಕದ ಇಬ್ಬರು ಮಕ್ಕಳ ರಕ್ತದಲ್ಲಿ ಅದೇ ಮದ್ದು ಬೇರೆಬೇರೆ ಮಟ್ಟದಲ್ಲಿ ನಿಲ್ಲುತ್ತಿತ್ತು. ಮಲೇರಿಯಾದ ಮದ್ದಾದ ಪ್ರಿಮಾಕ್ವಿನ್ ಕೆಲವರ ರಕ್ತಕಣಗಳನ್ನೇ ಒಡೆಯುವುದಕ್ಕೆ ಹುಟ್ಟಿನಿಂದ ಬಂದ ಕಿಣ್ವದ ಕೊರತೆಯೇ ಹೇತುವೆಂಬುದು 1956ರಲ್ಲಿಯೇ ತಿಳಿದಿದ್ದರೂ, ಮದ್ದಿನ ಪರಿಣಾಮ ಹುಟ್ಟುಗುಣವನ್ನೂ ಅವಲಂಬಿಸುವುದೆಂಬ ಆ ಅರಿವು ಮಕ್ಕಳ ಕಸಿಯ ಕೊಠಡಿಯನ್ನು ಹೊಕ್ಕದ್ದು ಬಹು ತಡವಾಗಿ.

ವೆಲ್ಲೂರಿನ ಆಲೋಕ್ ಶ್ರೀವಾಸ್ತವರೂ ಸಹೋದ್ಯೋಗಿಗಳೂ ಥಲಸೇಮಿಯಾ ರೋಗಿಗಳ ವಂಶವಾಹಿಗಳನ್ನು ಶೋಧಿಸಿ 2004ರಲ್ಲಿ ಹೊರಗೆಡಹಿದ ಫಲಿತವು ವಿಚಿತ್ರವಾದದ್ದು. ವಿಷವನ್ನು ಪರಿಹರಿಸುವ ಜಿಎಸ್‌ಟಿಎಂ1 ಎಂಬ ಕಿಣ್ವದ ವಂಶವಾಹಿಯೇ ಇಲ್ಲದವರಲ್ಲಿ ಮದ್ದು ಸಂಚಯವಾಗಿ ಯಕೃತ್ತು ಕೆಡುವುದೆಂದು ಯಾರಾದರೂ ಊಹಿಸಿಯಾರು. ಅವರ ಯಕೃತ್ತು ಹೆಚ್ಚಾಗಿ ಕೆಟ್ಟದ್ದೇನೋ ನಿಜ, ಆದರೆ ಅವರ ರಕ್ತದಿಂದ ಮದ್ದು ಇತರರಿಗಿಂತ ಶೀಘ್ರವಾಗಿ ತೊಲಗುತ್ತಿತ್ತು! ಮದ್ದಿಗಿಂತ ಅದು ಪರಿಣಮಿಸಿ ಉಂಟಾಗುವ ವಸ್ತುಗಳೇ ಘಾತುಕವೋ ಏನೋ ಎಂಬ ಶಂಕೆಗೆ ಇದು ಎಡೆಗೊಟ್ಟಿತು. ವಂಶವಾಹಿಯ ಪರೀಕ್ಷೆಯನ್ನು ಸರ್ವಜ್ಞನೆಂಬಂತೆ ಕೊಂಡಾಡುವವರು ಈ ಸಂದರ್ಭವನ್ನು ಮನನಮಾಡುವುದೊಳಿತು. ಬುಸಲ್ಫಾನಿನ ವಿಷಯದಲ್ಲಿ, ಮೊದಲ ಪ್ರಮಾಣಗಳನ್ನು ಕೊಟ್ಟು, ಗಂಟೆಗಂಟೆಗೆ ರಕ್ತವನ್ನು ತೆಗೆದು ಮಟ್ಟವನ್ನಳೆದು, ಮುಂದಿನದನ್ನು ತಿದ್ದುವ ಕ್ರಮವೇ ಇಂದಿಗೂ ಹೆಚ್ಚು ವಿಶ್ವಾಸಾರ್ಹವೆಂದು ನನ್ನ ಮತ.

ಮೊದಲು ಹೇಳಿದ ಸೋದರಿಕೆಯ ಮದುವೆಗೆ ಇನ್ನೊಂದು ಮುಖವೂ ಉಂಟು. ಒಡಹುಟ್ಟಿದ ಒಬ್ಬೊಬ್ಬರಲ್ಲಿಯೂ ಪೂರ್ಣವಾಗಿ ಹೊಂದುವ ಮಜ್ಜೆ ದೊರೆಯುವ ಸಂಭವ ನಾಲ್ಕರಲ್ಲೊಂದು. ರಕ್ತಸಂಬಂಧದ ಕುಟುಂಬಗಳಲ್ಲಾದರೋ ಒಡಹುಟ್ಟಿದವರಾಚೆಗಿನ ಬಂಧುಗಳಲ್ಲಿಯೂ ಅಂಥ ದಾನಿ ದೊರೆಯುವುದುಂಟು. ಆದರೆ ಹಾಗೆ ದೊರೆತ ಮಜ್ಜೆ ಎಷ್ಟೇ ಹೊಂದಿದರೂ, ಮದ್ದನ್ನು ಅರಗಿಸಬೇಕಾದ ಯಕೃತ್ತು ರೋಗಿಯದೇ ಆದುದರಿಂದ, ದಾನಿಯ ಪರೀಕ್ಷೆ ಮುಗಿದ ಮೇಲೆಯೂ ಮದ್ದಿನ ಪ್ರಮಾಣಕ್ಕಾಗಿ ಆ ಮಗುವಿನ ರಕ್ತವನ್ನೇ ಮತ್ತೆ ನೋಡಬೇಕಾಗುತ್ತದೆ.