ಜೆಪ್ಪುವಿನ ಸೆಮಿನರಿಯೂ ನೈತಿಕ ದೈವಶಾಸ್ತ್ರವೂ

ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ಚರ್ಚನ್ನು ಕಟ್ಟಿಸಿದವರನ್ನೂ ದಾನಿಗಳನ್ನೂ ಸ್ಮರಿಸುವುದು ಸಹಜವೇ. ಆದರೆ ಪಾಪನಿವೇದನೆಯ ಪೀಠದಲ್ಲಿ ಕುಳಿತು ನಮ್ಮ ಹಿರಿಯರ ಮನೋಭಾರವನ್ನು ಇಳಿಸಿದ ಗುರುಗಳು ಆ ವಿದ್ಯೆಯನ್ನು ಎಲ್ಲಿಂದ ಪಡೆದರೆಂದು ನಾವು ಅಷ್ಟಾಗಿ ಯೋಚಿಸಿದವರಲ್ಲ.

1878ರಲ್ಲಿ ಜಗದ್ಗುರು 13ನೆಯ ಲಿಯೋರವರು ಮಂಗಳೂರು ಮಿಷನ್ನನ್ನು ಕಾರ್ಮೆಲ್ ಸಭೆಯವರಿಂದ ಯೇಸುಸಭೆಯವರಿಗೆ ವಹಿಸಿದರು. ಆ ವರ್ಷದ ಕೊನೆಯ ದಿನ ಇಲ್ಲಿಗೆ ಬಂದಿಳಿದ ಗುರುಗಳು 1879ರಲ್ಲಿಯೇ ಸಂತ ಜೋಸೆಫರ ಸೆಮಿನರಿಯನ್ನು ತೆರೆದರು. ಅದು ಮುಂದೆ ಜೆಪ್ಪುವಿನಲ್ಲಿ ನೆಲೆಗೊಂಡಿತು. ಸಂತ ಅಲೋಶಿಯಸ್ ಕಾಲೇಜು ಆರಂಭವಾದದ್ದು 1880ರಲ್ಲಿ. ನಮ್ಮ ಜನ ಕಾಲೇಜಿನ ಹೆಸರನ್ನು ಹೆಚ್ಚು ಹೇಳುತ್ತಾರೆ. ವಯಸ್ಸಿನಲ್ಲಿ ಸೆಮಿನರಿಯೇ ಹಿರಿಯದು.

ಆ ಕಾಲದ ಸೆಮಿನರಿಗಳಲ್ಲಿ ಸಾಮಾನ್ಯವಾಗಿ ನೈತಿಕ ದೈವಶಾಸ್ತ್ರದ ಭಾಷೆ ಲ್ಯಾಟಿನ್. ಪೀಠದ ಜಾಲರಿಯಾಚೆ ಮೊಣಕಾಲೂರಿದ ರೈತನದೋ ಕೊಂಕಣಿ. ಗದ್ದೆಯ ಗಡಿತಂಟೆ, ಸಾಲ, ದಾಯಾದಿಗಳ ಮುನಿಸು ಇವೆಲ್ಲ ಆತನ ಮಾತಿನಲ್ಲಿಯೇ ಗುರುವಿನ ಕಿವಿಗೆ ಬೀಳಬೇಕು. ವಿದೇಶದಿಂದ ಬಂದ ಗುರುವಿಗೆ ಇದು ಸಣ್ಣ ತೊಡಕಲ್ಲ. ಆ ಯೇಸುಸಭಿಗರಲ್ಲಿ ಒಬ್ಬರಾದ ವಂದನೀಯ ಆಂಜೆಲೊ ಮಾಫೆಯಿಯವರು 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ 1883ರಲ್ಲಿ ನಿಘಂಟನ್ನೂ ಹೊರತಂದದ್ದರ ಬೆಲೆ ಇಲ್ಲಿ ತಿಳಿಯುತ್ತದೆ. ಅವು ಅಚ್ಚಾದದ್ದು ಪ್ರೊಟೆಸ್ಟಂಟರ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಎಂಬುದು ಸಂತೋಷದ ಸಂಗತಿ.

ಈ ಶಾಸ್ತ್ರದ ಮಹಾಗುರು ನೇಪಲ್ಸಿನ ಸಂತ ಅಲ್ಫೋನ್ಸ್ ಲಿಗೋರಿ. ವಕೀಲಿಯನ್ನು ತೊರೆದು ಗುರುವಾದ ಇವರು 1732ರಲ್ಲಿ ರಿಡೆಂಪ್ಟರಿಸ್ಟ್ ಸಭೆಯನ್ನು ಸ್ಥಾಪಿಸಿದರು. ಪಾಪಿಯನ್ನು ಬೆದರಿಸಿ ಅಟ್ಟುವ ಕಠೋರವಾದಿಗಳ ನಡುವೆ, ಪಾಪನಿವೇದನೆ ಕೇಳುವ ಗುರು ಮೊದಲು ತಂದೆ, ಬಳಿಕ ವೈದ್ಯ, ಬೋಧಕ, ನ್ಯಾಯಾಧೀಶ ಎಂದು ಬೋಧಿಸಿದರು. ನ್ಯಾಯಾಲಯವನ್ನು ಬಲ್ಲವರೇ ನ್ಯಾಯಾಧೀಶನನ್ನು ಕೊನೆಗಿಟ್ಟರು! ಯೇಸುಸಭೆಯ ಬೂಸೆನ್‌ಬಾಮರ ಕೃತಿಗೆ ಬರೆದ ಟಿಪ್ಪಣಿಗಳಿಂದಲೇ ಇವರ ಮಹಾಗ್ರಂಥ ಬೆಳೆಯಿತು. 1950ರಲ್ಲಿ 12ನೆಯ ಪಿಯುಸ್‌ರವರು ಇವರನ್ನು ಪಾಪನಿವೇದನೆ ಕೇಳುವ ಗುರುಗಳ ಪಾಲಕರೆಂದು ಘೋಷಿಸಿದರು.

ಇವರ ಹೆಸರಿನ ಅಲ್ಫೋನ್ಸಿಯನ್ ಅಕಾಡೆಮಿ 1949ರಲ್ಲಿ ರೋಮಿನಲ್ಲಿ ಸ್ಥಾಪನೆಯಾಯಿತು. ನೈತಿಕ ದೈವಶಾಸ್ತ್ರವೊಂದನ್ನೇ ಕಲಿಸುವ ಈ ಉನ್ನತ ವಿದ್ಯಾಪೀಠದಲ್ಲಿ ಪ್ರಾಧ್ಯಾಪಕರಾಗಿದ್ದ ವಂದನೀಯ ಬರ್ನಾರ್ಡ್ ಹೇರಿಂಗ್‌ರವರು ಯುದ್ಧಕಾಲದಲ್ಲಿ ಜರ್ಮನ್ ಸೈನ್ಯದ ವೈದ್ಯಕೀಯ ಸೇವೆಯಲ್ಲಿದ್ದವರು. 1954ರಲ್ಲಿ ಪ್ರಕಟವಾದ ಅವರ ಗ್ರಂಥ, ಪಾಪಗಳ ಪಟ್ಟಿಯಿಂದ ಕ್ರಿಸ್ತನ ಅನುಸರಣೆಯತ್ತ ಈ ಶಾಸ್ತ್ರವನ್ನು ತಿರುಗಿಸಿತು. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯೂ ಈ ಪಾಠ ಪವಿತ್ರ ಗ್ರಂಥದಿಂದ ಹೆಚ್ಚು ಪೋಷಣೆ ಪಡೆಯಲೆಂದು ವಿಧಿಸಿತು. ಆ ಬಳಿಕ ಸೆಮಿನರಿಗಳ ಪಾಠಗಳಲ್ಲಿ ಲ್ಯಾಟಿನ್ ಹಿಂದೆ ಸರಿಯಿತು.

ಅಕಾಡೆಮಿ ನಮಗೆ ದೂರದ್ದೆಂದು ತೋರಬಹುದು. ಅದರ ಮಗ್ಗುಲಿನ ಚರ್ಚಿನಲ್ಲಿಯೇ, ನಮ್ಮ ಮನೆಮನೆಗಳಲ್ಲಿ ಪ್ರತಿಯುಳ್ಳ ನಿತ್ಯಾಧಾರ ಮಾತೆಯ ಮೂಲಚಿತ್ರವಿದೆ. 1866ರಲ್ಲಿ 9ನೆಯ ಪಿಯುಸ್‌ರವರು ಅದನ್ನು ರಿಡೆಂಪ್ಟರಿಸ್ಟರ ವಶಕ್ಕೆ ಕೊಟ್ಟರು. ಜೆಪ್ಪುವಿನಲ್ಲಿಯೋ, ಹಲವು ಧರ್ಮಪ್ರಾಂತ್ಯಗಳ ತರುಣರು ಇಂದಿಗೂ ಪಾಪನಿವೇದನೆಯನ್ನು ಕೇಳಲು ಕಲಿಯುತ್ತಿದ್ದಾರೆ.