ಮೆಚಿಯ ದಿವಾಳಿಗೆ ಟಿಪ್‌ಟ್ರೀ ಹೊಲ ಕಾರಣವೇ?

ಜಾನ್ ಜೋಸೆಫ್ ಮೆಚಿಯ ಬದುಕನ್ನು ಕೊನೆಯ ಪುಟದಿಂದ ಹಿಂದಕ್ಕೆ ಓದುವ ರೂಢಿ ಇನ್ನೂ ಹೋಗಿಲ್ಲ. ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿ ಕ್ಷೌರದ ಕತ್ತಿ ಮಸೆಯುವ ಪಟ್ಟಿ ಮಾರಿ ಶ್ರೀಮಂತನಾದವನು ಎಸೆಕ್ಸ್‌ನ ಟಿಪ್‌ಟ್ರೀಯಲ್ಲಿ ಸುಮಾರು 130 ಎಕರೆ ಬಡ ನೆಲ ಕೊಂಡ. 1880ರ ಡಿಸೆಂಬರಿನಲ್ಲಿ ದಿವಾಳಿಯಾಗಿ ಅದೇ ತಿಂಗಳು ತೀರಿಕೊಂಡ. ಆದ್ದರಿಂದ ಅವನ ಬೇಸಾಯ ಅಂಗಡಿಯ ದುಡ್ಡು ನುಂಗಿದ ಹವ್ಯಾಸ ಎಂಬುದು ತೀರ್ಮಾನ. ಅವನ ಕಾಲದ ರೈತರ ಹೀಯಾಳಿಕೆಯನ್ನು ಆಮೇಲಿನವರು ಪುರಾವೆ ಕೇಳದೆ ಇತಿಹಾಸವೆಂದು ಎತ್ತಿಕೊಂಡಿದ್ದಾರೆ.

ಮೆಚಿ ಮಾಡಿದ್ದೇನು? ನೆಲದಾಳದಲ್ಲಿ ಬಸಿಗಾಲುವೆ ಹಾಕಿಸಿದ. ಸಂದುಬಿಟ್ಟ ಹಲಗೆಯ ನೆಲದ ಮೇಲೆ ದನ ಕಟ್ಟಿದ. ಕೆಳಗೆ ಬಿದ್ದ ಸಗಣಿ ಗಂಜಲವನ್ನು ನೀರಿನಲ್ಲಿ ಕದಡಿ, ಉಗಿಯಂತ್ರದಿಂದ ನೆಲದಡಿಯ ಕಬ್ಬಿಣದ ಕೊಳವೆಗಳಿಗೆ ನೂಕಿ ಬೆಳೆಗೆ ಉಣಿಸಿದ. ಬಿತ್ತನೆಯನ್ನು ತೆಳುವಾಗಿಸಿದ. ಜಮಾಖರ್ಚನ್ನು ಮುಚ್ಚಿಡದೆ ಅಚ್ಚುಹಾಕಿಸಿದ. ಹೊಲ ಕೆಲವು ವರ್ಷ ಒಳ್ಳೆಯ ಲಾಭ ಕೊಟ್ಟಿತು ಎಂದು ಬ್ರಿಟನ್ನಿನ ರಾಷ್ಟ್ರೀಯ ಜೀವನಚರಿತ್ರೆ ಕೋಶವೇ ಹೇಳುತ್ತದೆ. ಹವ್ಯಾಸ ಎನ್ನುವವರು ಈ ಸಾಲನ್ನು ದಾಟಿ ಹೋಗುತ್ತಾರೆ.

ಬಲವಾದ ಆಕ್ಷೇಪವೊಂದಿದೆ: ಕಾಲುವೆ, ಕೊಳವೆ, ಯಂತ್ರಕ್ಕೆ ಸುರಿದ ಬಂಡವಾಳದ ಬಡ್ಡಿ ಹಿಡಿದರೆ ಲಾಭ ಉಳಿಯುತ್ತದೆಯೇ? ಪ್ರಶ್ನೆ ನ್ಯಾಯವಾದದ್ದೇ. ಬಡ್ಡಿ ಹಿಡಿದರೆ ಲಾಭ ಕುಗ್ಗುವುದು ಖಂಡಿತ. ಆದರೆ ದಶಕಗಟ್ಟಲೆ ಬಾಳುವ ಬಸಿಗಾಲುವೆಯ ವೆಚ್ಚವನ್ನು ಒಂದೆರಡು ಸುಗ್ಗಿಗಳ ತಲೆಗೆ ಕಟ್ಟುವುದು ಲೆಕ್ಕವಲ್ಲ, ಹಟ. ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಕಾಲಾನುಕ್ರಮದಲ್ಲೇ ಇದೆ. ಕ್ರಿಮಿಯ ಯುದ್ಧದ ನಂತರ ಗಡ್ಡ ಬಿಡುವ ಷೋಕಿ ಹಬ್ಬಿ ಮಸೆಪಟ್ಟಿಯ ವ್ಯಾಪಾರ ಇಳಿಯಿತು. ಯೂನಿಟಿ ಬ್ಯಾಂಕಿನ ಪತನದಲ್ಲಿ ಭಾರಿ ಹಣ ಹೋಗಿ, 1866ರಲ್ಲಿ ಅವನು ಲಂಡನ್ ನಗರದ ಆಲ್ಡರ್‌ಮನ್ (ನಗರಾಡಳಿತದ ಹಿರಿಯ ಸದಸ್ಯ) ಸ್ಥಾನವನ್ನೇ ಬಿಟ್ಟ. ಹೊಲವನ್ನು ಸಾಕುತ್ತಿದ್ದುದು ಪೇಟೆಯ ದುಡ್ಡೇ ಆಗಿದ್ದರೆ ಟಿಪ್‌ಟ್ರೀ ಆಗಲೇ ಕೈಬಿಡಬೇಕಿತ್ತು. ಬಿಡಲಿಲ್ಲ, ಇನ್ನೂ 14 ವರ್ಷ ನಡೆಯಿತು. ಅಂಗಡಿ ಪೂರ್ತಿ ಮುಚ್ಚಿರಲಿಲ್ಲ ನಿಜ. ಹಾಗಾಗಿ ಹೊಲವೇ ಅವನನ್ನು ಸಾಕಿತು ಎನ್ನುವಷ್ಟು ದೂರ ಈ ವಾದವನ್ನು ನಾನು ಎಳೆಯುವುದಿಲ್ಲ. ಹೊಲವೇ ಅವನನ್ನು ಮುಳುಗಿಸಿತು ಎನ್ನುವವರಿಗೆ ಮಾತ್ರ ಈ 14 ವರ್ಷಗಳು ಉತ್ತರ ಕೇಳುತ್ತವೆ.

ಹಾಗಾದರೆ 1880ರ ದಿವಾಳಿ? ಅದರ ಹಿಂದೆ ಸಾಲುಸಾಲು ಕೆಟ್ಟ ಹಂಗಾಮುಗಳಿವೆ, 1879ರ ಬಿಡದ ಮಳೆಯಿದೆ. ಮೊದಲಾದರೆ ಬೆಳೆ ಕೆಟ್ಟ ವರ್ಷ ಬೆಲೆಯೇರಿ ರೈತನ ಕೈ ಹಿಡಿಯುತ್ತಿತ್ತು. ಈ ಸಲ ಅಮೆರಿಕದ ಗೋಧಿ ಬಂದು ಬೆಲೆ ಏರಗೊಡಲಿಲ್ಲ. ಮಸೆಪಟ್ಟಿಯನ್ನೂ ಬ್ಯಾಂಕನ್ನೂ ಮುಟ್ಟದ, ತಲೆಮಾರುಗಳಿಂದ ಉತ್ತುಬಂದ ಎಸೆಕ್ಸ್‌ನ ಒಕ್ಕಲುಗಳೂ ಆ ದಶಕದಲ್ಲಿ ಹೊಲ ಬಿಟ್ಟು ಹೋದರು. ಬೀಳುಬಿದ್ದ ಆ ನೆಲಕ್ಕೆ ಸ್ಕಾಟ್ಲೆಂಡಿನ ಏರ್‌ಷೈರಿನಿಂದ ಬಂದವರು ಗೋಧಿಯನ್ನು ನೆಚ್ಚದೆ ಹಾಲಿನ ದನ ಕಟ್ಟಿದರು.